ಟೆಲಿಫೋನ್ ಅಜ್ಜಿಗೆ ನಾನು ಕಳಸಗಿತ್ತಿ

ಸಿರಿ, ಚಿರಂತ್, ಕೇಳಿ ಮಕ್ಕಳೇ. ನಿಮ್ಮ ಟೆಲಿಫೋನ್ ಅಜ್ಜಿಗೆ ತಲೆ ಸರಿಯಿಲ್ಲ ಎಂಬುದು ನಮ್ಮ ಜರಗನಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಅವಳಿಗೂ ಗೊತ್ತು. ಎಲ್ಲರಿಗೂ ಹೇಳಿಕೊಂಡು ಬಂದವಳೇ ಅವಳು! "ನನಗೆ ಸ್ವಲ್ಪ ಲೂಸು, ಮೊದಲೇ ಹೇಳಿಬಿಡ್ತೀನಿ, ಆಮೇಲೆ ಹೇಳಲಿಲ್ಲ ಅನ್ನಬೇಡಿ" ಎಂದು ತರಕಾರಿ ಗಾಡಿಯವನಿಗೂ ಬ್ಯಾಂಕಿನ ಮೇಡಂಗೂ ಮುಂಚಿತವಾಗಿ ತಿಳಿಸಿಯೇ ಅವಳು ಮಾತು ಶುರುಮಾಡುವುದು. ಹೀಗೆ ತಾನಾಗಿ ಹೇಳಿಕೊಳ್ಳುವವರಿಗೆ ನಿಜವಾಗಿ ತಲೆ ಕೆಟ್ಟಿರುತ್ತದೆಯೇ? ನನಗಂತೂ ಇನ್ನೂ ತೀರ್ಮಾನವಾಗಿಲ್ಲ. ಓದಿ ನೀವೇ ಹೇಳಿ.

ಅವಳ ಮದುವೆಯ ದಿನ ನೀವು ಚಿಕ್ಕವರು. ಹೋಳಿಗೆ ತಿಂದದ್ದು, ಸಿರಿ ಮೂತಿ ಉಬ್ಬಿಸಿಕೊಂಡು ಕೂತದ್ದು ನಿಮಗೆ ನೆನಪಿರಬಹುದು. ಉಳಿದದ್ದನ್ನು ನಾನು ಹೇಳಬೇಕು. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಹಾರೋಹಳ್ಳಿ ಕಡೆಯ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗಿದಾಗ "ಬಂದಿದ್ದೀನಿ ಸಾರ್" ಅನ್ನಲು ನಾಚಿಕೊಂಡು, ಶಾಲೆಯಲ್ಲಿ ಕೂತಿದ್ದೂ ಎಷ್ಟೋ ದಿನ ಗೈರುಹಾಜರಾದವಳು ನಾನು! ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವಳ ವಿಷಯ ಎತ್ತಿದರೆ ಬೇಡವೆಂದರೂ ನಗು ಬರುತ್ತದೆ. ಅದರ ಬೆನ್ನಿಗೇ ಇನ್ನೊಂದೂ ಬರುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ ಬರೆಯುವ ವಿದ್ಯೆ ನನಗಿಲ್ಲ.

ನಿಮ್ಮ ತಾತ ತೀರಿಕೊಂಡ ವರ್ಷವೇ ನಮ್ಮ ಮೇಲಿನ ಮನೆ ಖಾಲಿಯಾಯಿತು. ಗೇಟಿಗೆ ಬೋರ್ಡು ಕಟ್ಟಿದ ಮಾರನೆಯ ದಿನವೇ ಬಂದಳು. ರೇಷ್ಮೆಯಂಥ ಸೀರೆ, ಕಾಲಿಗೆ ಬಿಳಿ ಕ್ಯಾನ್‌ವಾಸ್ ಶೂ, ಹೆಗಲಿಗೆ ಗಂಡಸರ ಚೀಲ. ಮದುವೆಯಾಗಿರಲಿಲ್ಲ; ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತಳಾಗಿದ್ದಳು. ಮನೆ ನೋಡಲು ಬಂದವಳು ಮನೆಯನ್ನು ನೋಡಲೇ ಇಲ್ಲ. ಮೆಟ್ಟಿಲ ಮೇಲೆ ಕೂತು ನನ್ನನ್ನು ನೋಡಿದಳು.

"ನೀವು ರಾತ್ರಿ ಗೊರಕೆ ಹೊಡೀತೀರಾ?"

ನಾನು ಗಾಬರಿಯಿಂದ ಇಲ್ಲವೆಂದು ತಲೆಯಾಡಿಸಿದೆ.

"ಬೆಳಿಗ್ಗೆ ಜೋರಾಗಿ ದೇವರ ಹಾಡು ಹಾಕ್ತೀರಾ?"

ಇಲ್ಲ.

"ಅಳ್ತೀರಾ?"

ಅದಕ್ಕೆ ತಲೆಯಾಡಿಸಲು ಆಗಲಿಲ್ಲ. ಅವಳು ಚೀಲ ಕೆಳಗಿಟ್ಟಳು. "ಸರಿ, ಇದೇ ಮನೆ ಇರಲಿ" ಅಂದಳು. ಬಾಡಿಗೆಗೆ ಬರುವವರು ಮಾಲೀಕರನ್ನು ಪಾಸು ಮಾಡಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ?

ಅವಳಿಗೆ ಒಂದು ಚಟವಿತ್ತು. ಜೀವನವೆಲ್ಲ ಈ ಊರಿನವರಿಗೂ ಆ ಊರಿನವರಿಗೂ ಲೈನ್ ಸೇರಿಸಿದವಳು, ಕೆಲಸ ಬಿಟ್ಟ ಮೇಲೂ ಸೇರಿಸುವುದನ್ನು ಬಿಡಲಿಲ್ಲ. ಇಬ್ಬರು ಅಪರಿಚಿತರು ಬಸ್‌ಸ್ಟಾಪಿನಲ್ಲಿ ಸುಮ್ಮನೆ ನಿಂತಿದ್ದರೆ ಅವಳಿಗೆ ಮೈ ಕಡಿಯುತ್ತಿತ್ತು. "ಅಂಕಲ್, ಈ ಅಮ್ಮನೂ ಬನಶಂಕರಿಗೇ ಹೋಗ್ತಿರೋದು, ಮಾತಾಡ್ಕೊಂಡು ಹೋಗಿ" ಎಂದು ಇಬ್ಬರನ್ನೂ ಜೋಡಿಸಿ, ತಾನು ಬೇರೆ ಬಸ್ ಹತ್ತುತ್ತಿದ್ದಳು! ಸೈಟು ಮಾರುವ ಹುಡುಗಿಯರು ಫೋನ್ ಮಾಡಿದರೆ ನಾವೆಲ್ಲ ಏನು ಮಾಡುತ್ತೇವೆ? ಕಟ್ ಮಾಡುತ್ತೇವೆ. ಅವಳು ಚಾಪೆ ಹಾಕಿಕೊಂಡು ಕೂರುತ್ತಿದ್ದಳು.

"ಸೈಟ್ ಇರಲಿ ಕಣಮ್ಮ, ಬೆಳಿಗ್ಗೆ ಏನು ತಿಂದೆ? ... ಏನೂ ಇಲ್ವಾ? ಹಾಗಾದ್ರೆ ಫೋನ್ ಇಡು, ತಿಂದು ಮಾಡು. ನಾನೆಲ್ಲೂ ಹೋಗಲ್ಲ."

ಆ ಹುಡುಗಿ ತಿಂದು ಮತ್ತೆ ಫೋನ್ ಮಾಡುತ್ತಿತ್ತು. ಅವರಲ್ಲಿ ಒಬ್ಬಳು ಆಮೇಲೆ ಇವಳ ಮದುವೆಗೇ ಬಂದಳು. ಬಂದವಳು ಸುಮ್ಮನಿರಲಿಲ್ಲ, ಅಕ್ಷತೆ ಹಾಕಿ, ಪುರೋಹಿತರನ್ನು ಪಕ್ಕಕ್ಕೆ ಕರೆದು, ಕನಕಪುರ ರಸ್ತೆಯಲ್ಲಿ ಒಂದು ಒಳ್ಳೆಯ ಸೈಟ್ ಇದೆ ಎಂದು ಫೋಟೋ ತೋರಿಸಿದಳು!

ನನ್ನ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು. ಜಯನಗರದ ಡಾಕ್ಟರ ಹತ್ತಿರ ಹೋದಾಗ ಅವರು ನನ್ನನ್ನು ಕೇಳಿದರು, "ಎಲ್ಲಿ ನೋವು ಅಮ್ಮಾ?"

"ಮಂಡಿ ಸಾರ್, ಎಡಗಡೆ. ಬೆಳಿಗ್ಗೆ ಜಾಸ್ತಿ. ಮೆಟ್ಟಿಲು ಇಳಿಯೋವಾಗ ಲಟಲಟ ಅನ್ನುತ್ತೆ. ಊಟ ಸೇರಲ್ಲ. ಸೇರಲ್ಲ ಅಂತ ಮಗನಿಗೆ ಹೇಳಲ್ಲ" ಅಂದಳು ಅವಳು.

ಡಾಕ್ಟರು ಅವಳ ತೋಳಿಗೇ ಪಟ್ಟಿ ಕಟ್ಟಿ ಬಿಪಿ ನೋಡಿದರು. ಅವಳೂ ತೋರಿಸಿಕೊಂಡಳು! ನಾನು ಅದಕ್ಕೂ ಏನೂ ಅನ್ನಲಿಲ್ಲ. ಹೀಗೆ ಅವಳ ಬಾಯನ್ನೇ ನಂಬಿಕೊಂಡು ನನ್ನ ಬಾಯಿಗೆ ಬೀಗ ಹಾಕಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಮೆಟ್ಟಿಲ ಮೇಲೆ ಶೂ ಸದ್ದು ಕೇಳಿದರೆ, ಆ ದಿನ ಹೇಗೋ ಕಳೆಯುತ್ತದೆ ಅನ್ನಿಸುತ್ತಿತ್ತು.

ಒಂದು ಚಳಿಗಾಲ ಅವಳ ಬಲಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟಕ್ಕೆ ಬರುತ್ತಿತ್ತು, ಅದಕ್ಕಿಂತ ಮೇಲೆ ಒಂದು ಇಂಚೂ ಏಳುತ್ತಿರಲಿಲ್ಲ. ವ್ಯಾಯಾಮ ಮಾಡಿಸುವ ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಅಲ್ಲಿ ಎದುರು ಬೆಂಚಿನಲ್ಲಿ ಅರೆಕೆರೆಯ ಒಬ್ಬರು ಕೂರುತ್ತಿದ್ದರಂತೆ. ಸಿಟಿ ಬಸ್ ಓಡಿಸಿ ನಿವೃತ್ತರಾದವರು. ಸ್ಟೇರಿಂಗ್ ತಿರುಗಿಸಿ ತಿರುಗಿಸಿ ಅವರ ಭುಜವೂ ಹೋಗಿತ್ತು, ಇಂಜಿನ್ ಸದ್ದಿಗೆ ಕಿವಿಯೂ ಮಂದವಾಗಿತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಇಬ್ಬರೂ ಎದುರುಬದುರು ಕೂತು, ಹಗ್ಗ ಹಿಡಿದು, ಕೈ ಮೇಲೆತ್ತಿ ಕೆಳಗಿಳಿಸಿ ಮಾಡುತ್ತಿದ್ದರು. ನೋಡುವವರಿಗೆ ಒಬ್ಬರಿಗೊಬ್ಬರು ಬಿಡದೆ ಸಲಾಮು ಹೊಡೆಯುತ್ತಿದ್ದಾರೆ ಅನ್ನಿಸಿರಬೇಕು!

ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿತುಕುತ್ತಿದ್ದೆ. ಅವಳು ಬಂದು ಎದುರಿಗೆ ಕೂತಳು.

"ಜಾಸ್ತಿ ಹಿತುಕು ಕಣೇ, ಭಾನುವಾರ ಅವರೂ ಊಟಕ್ಕೆ ಬರ್ತಾರೆ."

"ಯಾರಕ್ಕ?"

"ಅದೇ, ಕ್ಲಿನಿಕ್ಕಿನವರು. ನಾನು ಮದುವೆ ಆಗೋರು."

ನನ್ನ ಬೆರಳ ಸಂದಿಯಿಂದ ಬೇಳೆ ಚಿಮ್ಮಿ ಗ್ಯಾಸಿನ ಹಿಂದೆ ಹೋಗಿ ಬಿತ್ತು.

"ಈ ವಯಸ್ಸಿಗಾ?"

"ಬೇರೆ ವಯಸ್ಸು ಎಲ್ಲಿದೆ ನನ್ನ ಹತ್ರ? ಇರೋದ್ರಲ್ಲೇ ಆಗಬೇಕು."

"ಅವರಿಗೆ ಕಿವಿ ಕೇಳಿಸಲ್ಲ ಅಂದಿದ್ದೆ?"

"ಅದೇ ಒಳ್ಳೇದು. ಹೇಳಿದ್ದನ್ನೇ ಎರಡು ಸಲ ಹೇಳಬಹುದು, ಯಾರೂ ಬೈಯಲ್ಲ."

ನಾನು ನಕ್ಕೆ. ನಗುತ್ತಲೇ ಇನ್ನೊಂದು ಹೊಳೆಯಿತು. ಅವಳು ಮದುವೆಯಾದರೆ ಅರೆಕೆರೆಗೆ ಹೋಗುತ್ತಾಳೆ. ಅರೆಕೆರೆ ಏನು ಕಾಶಿಯೇ? ಬನ್ನೇರುಘಟ್ಟ ರಸ್ತೆ ದಾಟಿದರೆ ಸಿಗುತ್ತದೆ. ಆದರೆ ಮೇಲಿನ ಮನೆಯಿಂದ ಕೆಳಗಿನ ಮನೆಗೆ ಬರುವಷ್ಟು ಹತ್ತಿರ ಇನ್ನೆಲ್ಲಿರುತ್ತದೆ? ಅವಳ ಸಂತೋಷದ ಸುದ್ದಿ ಕೇಳಿ ನಾನು ಮೊದಲು ಅತ್ತದ್ದು ನನಗಾಗಿ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ.

ಭಾನುವಾರ ಅವರು ಬಂದರು. ನೀವು ಅವರಿಗೆ ಬಸ್ ತಾತ ಎಂದು ಹೆಸರಿಟ್ಟಿರಿ. ತೆಳ್ಳನೆಯ ಮನುಷ್ಯ. ಇವಳು ಮಾತನಾಡಿದಷ್ಟು ಹೊತ್ತೂ ಬಸ್ಸಿನ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುವವರ ಹಾಗೆ ತಲೆ ಸ್ವಲ್ಪ ವಾಲಿಸಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದರು. ಊಟ ಸ್ವಲ್ಪವೇ ಮಾಡಿದರು. ಹೊರಡುವಾಗ ನನ್ನ ಹತ್ತಿರ ಬಂದು, "ನಿಮ್ಮ ಸ್ನೇಹಿತೇನ ಕರ್ಕೊಂಡು ಹೋಗ್ತಿದ್ದೀನಿ. ತಪ್ಪು ತಿಳ್ಕೋಬೇಡಿ ತಾಯಿ" ಅಂದರು. ಅಂಥವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಆಮೇಲೆ ಅವಳು ನನ್ನ ತಲೆಯ ಮೇಲೆ ಬಾಂಬು ಹಾಕಿದಳು.

"ನನ್ನ ಕಳಸಗಿತ್ತಿ ನೀನೇ."

ಕಳಸಗಿತ್ತಿ ಯಾರೆಂದು ನಿಮಗೆ ಗೊತ್ತಲ್ಲ? ನಮ್ಮ ಕಡೆ ಮದುವೆಗಳಲ್ಲಿ ಹೆಣ್ಣಿನ ತಂಗಿಯೋ, ನಾದಿನಿಯೋ, ಮನೆಯ ಪುಟ್ಟ ಹುಡುಗಿಯೋ ಕಳಸ ಹಿಡಿದು ಮದುವಣಗಿತ್ತಿಯ ಬೆನ್ನಿಗೆ ನಿಂತಿರುತ್ತಾಳೆ. ಚೊಂಬಿನಲ್ಲಿ ನೀರು, ಸುತ್ತ ವೀಳ್ಯದೆಲೆ, ಮೇಲೆ ತೆಂಗಿನಕಾಯಿ. ಹೆಣ್ಣು ಎಲ್ಲಿ ಹೋದರೆ ಕಳಸವೂ ಅಲ್ಲಿಗೆ. ಮಂಗಳದ ಕೆಲಸ ಅದು. ಅದಕ್ಕೆ ಗಂಡನನ್ನು ಕಳೆದುಕೊಂಡವಳು ನಿಲ್ಲುವುದೇ?

ನಿಮ್ಮ ತಾತ ಹೋದ ಮೇಲೆ ಮದುವೆಮನೆಯಲ್ಲಿ ನನ್ನ ಜಾಗ ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿಂದಿನ ಸಾಲು, ಊಟದ ಹಾಲಿನ ಬಾಗಿಲ ಹತ್ತಿರ. ಅರಿಸಿನ ಕುಂಕುಮದ ತಟ್ಟೆ ಸಾಲಿನಲ್ಲಿ ಬರುತ್ತಾ ಬರುತ್ತಾ ನನ್ನ ಮುಂದೆ ಬಂದಾಗ ಅದಕ್ಕೆ ಚಕ್ರ ಹಚ್ಚಿದ ಹಾಗೆ ಸುಯ್ಯನೆ ಪಕ್ಕದವಳ ಹತ್ತಿರ ಹೋಗುತ್ತಿತ್ತು. ತಟ್ಟೆ ಹಿಡಿದವಳು ನನ್ನನ್ನು ನೋಡಿ ನಗುತ್ತಲೇ ಇರುತ್ತಿದ್ದಳು! ನಗುತ್ತಾ ದಾಟಿಸುವುದೂ ಒಂದು ಕಲೆ. ನಾನೂ ನಗುತ್ತಾ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಅದು ನನ್ನ ಕಲೆ.

"ಬೇಡಕ್ಕ" ಅಂದೆ. "ಕೈಮುಗೀತೀನಿ. ಬೇಕಾದ್ರೆ ಅಡುಗೆಮನೆ ಪೂರ್ತಿ ನಾನು ನೋಡ್ಕೋತೀನಿ."

"ಅಡುಗೆಗೆ ಭಟ್ಟರಿದ್ದಾರೆ."

"ಸಿರಿ ಹಿಡೀತಾಳೆ. ರೇಷ್ಮೆ ಲಂಗ ಹೊಲಿಸಿ ಆಗಿದೆ. ಮಗು ಆಸೆಪಟ್ಟಿದೆ."

"ಸಿರಿ ಬೇಡ" ಅಂದಳು. ಎಂದೂ ಅಷ್ಟು ಗಡುಸಾಗಿ ಮಾತನಾಡಿದವಳಲ್ಲ. "ನೀನು ಹಿಡಿದರೆ ಮದುವೆ. ಇಲ್ಲದಿದ್ರೆ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ, ಹೋಟೆಲಲ್ಲಿ ದೋಸೆ ತಿಂದ್ಕೊಂಡು ಹೋಗ್ತೀವಿ."

ಸಿದ್ದಾಪುರದಲ್ಲಿರುವ ನಿಮ್ಮ ತಾತನ ತಂಗಿಗೆ ಈ ಸುದ್ದಿ ಮುಟ್ಟಿತು. ಕೆಟ್ಟವಳಲ್ಲ ಅವಳು; ಒಳ್ಳೆಯದನ್ನು ಬಯಸಿಯೇ ಚುಚ್ಚುವವಳು. ಆಟೋ ಮಾಡಿಕೊಂಡು ಬಂದಳು.

"ಅತ್ತಿಗೆ, ಅವಳಿಗಂತೂ ಬುದ್ಧಿ ಇಲ್ಲ. ನಿಮಗೂ ಇಲ್ವಾ? ಪಾಪ, ಈಗ್ಲಾದ್ರೂ ಒಬ್ಬ ಗಂಡ ಸಿಕ್ಕಿದ್ದಾನೆ ಆಕೆಗೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರ ತಲೆಗೆ ಬರುತ್ತೆ?"

ಅವಳು ಹೇಳಿದ್ದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ಅದೇ ಮಾತನ್ನು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ನಾಚಿಕೆ ಒಂದು ಕಡೆ ಇರಲಿ ಮಕ್ಕಳೇ, ನನಗೆ ನಿಜವಾದ ಭಯವಿತ್ತು. ನನ್ನ ನೆರಳು ಅವಳ ಮೇಲೆ ಬಿದ್ದು, ಬಾರದೆ ಬಾರದೆ ಬಂದ ಅವಳ ಒಳ್ಳೆಯ ದಿನಗಳು ಕೆಡುತ್ತವೆ ಎಂಬ ಭಯ. ಇಂಥದ್ದನ್ನೆಲ್ಲ ನಂಬಬೇಡ ಎಂದು ನೀವು ಇಂದು ಹೇಳುತ್ತೀರಿ. ನಂಬಿಕೆ ಎಂಬುದು ಹೇಳಿದ ಕೂಡಲೇ ಎದ್ದು ಹೋಗುವ ಬಾಡಿಗೆದಾರನೇ?

ಆದರೂ ಒಪ್ಪಿದೆ. ಯಾಕೆ ಒಪ್ಪಿದೆ? ಅವಳು ದೋಸೆ ತಿಂದುಕೊಂಡು ಹೋಗುವವಳೇ ಎಂದು ಗೊತ್ತಿತ್ತು. ಅವಳ ಮದುವೆಯೇ ಇಲ್ಲದಂತೆ ಮಾಡಿದ ಪಾಪವೂ ನನಗೇ ಬರಬೇಕೇ ಅನ್ನಿಸಿತು. ಎರಡರಲ್ಲಿ ಯಾವ ಪಾಪ ಸಣ್ಣದೆಂದು ತೂಗಿ ನೋಡಿ ಇದನ್ನು ಹಿಡಿದೆ.

ಮಾಘ ಮಾಸದಲ್ಲಿ, ಜೆ.ಪಿ. ನಗರದ ಒಂದು ದೇವಸ್ಥಾನದ ಮೇಲಿನ ಸಣ್ಣ ಹಾಲಿನಲ್ಲಿ ಮದುವೆ. ಮದುವಣಗಿತ್ತಿ ರೇಷ್ಮೆ ಸೀರೆ, ಹಣೆಗೆ ಬಾಸಿಂಗ, ಕಾಲಿಗೆ ಅದೇ ಕ್ಯಾನ್‌ವಾಸ್ ಶೂ ಧರಿಸಿ ಮಂಟಪದ ಬಳಿ ಬಂದಳು.

"ಶೂ ಬಿಚ್ಚಿ ತಾಯಿ" ಅಂದರು ಪುರೋಹಿತರು.

"ಬಿಚ್ಚಬಹುದು ಸ್ವಾಮಿ. ಆಮೇಲೆ ಬಗ್ಗಿ ಹಾಕ್ಕೊಳ್ಳೋಕೆ ಆಗಲ್ಲ. ನೀವು ಹಾಕ್ತೀರಾ?"

ಕೊನೆಗೆ ನಿಮ್ಮಪ್ಪ ಬಿಚ್ಚಿದ. ಪುರೋಹಿತರು ಸಾಮಾನು ಜೋಡಿಸಿಕೊಂಡು ಸುತ್ತ ನೋಡಿದರು.

"ಕಳಸಗಿತ್ತಿ ಎಲ್ಲಮ್ಮ? ಮಗುನ ಕರೀರಿ."

"ಇಲ್ಲೇ ನಿಂತಿದೆಯಲ್ಲ ಮಗು!"

ಅವರು ನನ್ನ ಹಣೆ ನೋಡಿದರು. ಕೊರಳು ನೋಡಿದರು. ನಾನು ನೆಲ ನೋಡಿದೆ.

"ಅಮ್ಮಾ... ಪದ್ಧತಿ ಅಂತ ಒಂದಿದೆ..."

"ಅರವತ್ತು ದಾಟಿದ ಹುಡುಗಿಗೆ ಮದುವೆ ಮಾಡ್ಸೋದು ಯಾವ ಪುಸ್ತಕದಲ್ಲಿದೆ ಸ್ವಾಮಿ? ಅದೇ ಪುಸ್ತಕದಲ್ಲಿ ಪಕ್ಕದ ಪುಟ ತಿರುಗಿಸಿ, ಇದೂ ಇರುತ್ತೆ."

ಹಾಲಿನಲ್ಲಿ ಎಲ್ಲರೂ ನಕ್ಕರು. ಪುರೋಹಿತರೂ ನಕ್ಕು ಕಳಸವನ್ನು ನನ್ನ ಕೈಗಿತ್ತರು. ನಗದವರು ಇಬ್ಬರು. ಮೊದಲ ಸಾಲಿನಲ್ಲಿ ಕೂತಿದ್ದ ಬಸ್ ತಾತನ ಅಕ್ಕ, ಮತ್ತೆ ನಾನು. ಸಿರಿಯೂ ನಗಲಿಲ್ಲ, ಅದಕ್ಕೆ ಕಾರಣ ಬೇರೆ.

ಕಳಸ ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ನೆರಳು ಎಲ್ಲಿ ಬೀಳುತ್ತಿದೆ ಎಂದು ನೋಡಿದೆ. ಅವಳ ಬೆನ್ನ ಮೇಲೆ! ಮೆಲ್ಲಗೆ ಪಕ್ಕಕ್ಕೆ ಸರಿದೆ. ಆ ಕಡೆಯ ದೀಪದಿಂದ ಇನ್ನೊಂದು ನೆರಳು ಬಂದು ಮದುವೆಗಂಡಿನ ಪಂಚೆ ಮುಟ್ಟಿತು. ಹಿಂದಕ್ಕೆ ಸರಿದೆ; ವಿಡಿಯೋದವನ ಲೈಟಿಗೆ ಮೂರನೆಯದು ಹುಟ್ಟಿತು. ಒಂದು ನೆರಳಿಗೇ ಹೆದರಿ ಬಂದವಳಿಗೆ ಆ ಹಾಲಿನವರು ಹತ್ತಾರು ನೆರಳು ಕೊಟ್ಟಿದ್ದರು! ಹೀಗೆ ಸರಿದಾಡುವಾಗ ಕಳಸದ ನೀರು ತುಳುಕಿತು.

"ಲೇ, ಬೆನ್ನ ಮೇಲೆ ಗಂಗೆ ಇಳೀತಿದ್ದಾಳೆ, ನೆಟ್ಟಗೆ ಹಿಡಿ" ಅಂದಳು ಅವಳು, ತಿರುಗದೆ.

ಅಂತರಪಟ ಸರಿಯಿತು. ಗಂಡು ಹೆಣ್ಣು ಒಬ್ಬರ ತಲೆಯ ಮೇಲೆ ಒಬ್ಬರು ಜೀರಿಗೆ ಬೆಲ್ಲ ಹಾಕಬೇಕು. ಪುರೋಹಿತರು ಹೂಂ ಅಂದರು, ಓಲಗದವರು ಜೋರಾಗಿ ಊದಿದರು, ನಾವೆಲ್ಲ ಅಕ್ಷತೆ ಎಸೆಯಲು ಕಾದೆವು. ಇಬ್ಬರ ಕೈಯೂ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೇಲೇಳಲೊಲ್ಲದು! ಎದುರುಬದುರು ನಿಂತು, ಮುಷ್ಟಿ ಹಿಡಿದು, ಹಲ್ಲು ಕಚ್ಚಿ, ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಮದುವೆಯೋ ಕುಸ್ತಿಯೋ?

"ಮನಸ್ಸಿನಲ್ಲೇ ಹಾಕಿದ್ರಿ ಅಂದ್ಕೊಳ್ಳಿ" ಅಂದರು ಪುರೋಹಿತರು.

"ಬೆಲ್ಲ ಮನಸ್ಸಿನಲ್ಲಿ ಹಾಕಿದ್ರೆ ಸಿಹಿಯಾಗುತ್ತಾ?" ಎಂದವಳೇ ಅವಳು ಕೆಳಗಿನಿಂದ ಮೇಲಕ್ಕೆ ಚೆಂಡಿನ ಹಾಗೆ ಎಸೆದಳು. ಅರ್ಧ ಅವರ ತಲೆಗೆ ಬಿತ್ತು, ಅರ್ಧ ಕನ್ನಡಕಕ್ಕೆ. ಬಸ್ ತಾತ ನಿಧಾನವಾಗಿ ಮಂಡಿ ಬಗ್ಗಿಸಿ, "ನೀನು ಬಗ್ಗು" ಎಂದು ಸನ್ನೆ ಮಾಡಿದರು. ಅವಳು ತಲೆ ಬಗ್ಗಿಸಿದಳು. ಜೀವಮಾನದಲ್ಲಿ ಅವಳು ಯಾರಿಗಾದರೂ ತಲೆ ಬಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅವಳು ಅರೆಕೆರೆಗೆ ಹೋದಳು. ಮೇಲಿನ ಮನೆಗೆ ಬೇರೆಯವರು ಬಂದರು, ಒಳ್ಳೆಯವರೇ. ಮಧ್ಯಾಹ್ನ ಅವಳು ಫೋನ್ ಮಾಡುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಅವರು ಇವತ್ತು ಉಪ್ಪಿಟ್ಟು ತಿಂದರು, ಅವರು ಇವತ್ತು ಪಾರ್ಕಿನವರೆಗೂ ನಡೆದರು ಎಂದು ವರದಿ ಒಪ್ಪಿಸುತ್ತಿದ್ದಳು. ಉಪ್ಪಿಟ್ಟು ತಿಂದದ್ದೂ ಒಂದು ಸುದ್ದಿಯೇ ಎಂದು ನನಗೆ ನಗು ಬರುತ್ತಿತ್ತು. ಯುಗಾದಿ ಬಂತು, ಹೋಯಿತು. ದೇವರಿಗೆ ದೀಪ ಹಚ್ಚುವಾಗಲೆಲ್ಲ ಮೊದಲು ಅವರಿಬ್ಬರ ಹೆಸರು ಹೇಳಿ, ಆಮೇಲೆ ನಿಮ್ಮ ಹೆಸರು ಹೇಳುತ್ತಿದ್ದೆ. ಕ್ಷಮಿಸಿ ಮಕ್ಕಳೇ, ನಿಮಗಿಂತ ಅವರ ಬಗ್ಗೆ ನನಗೆ ಹೆಚ್ಚು ಹೆದರಿಕೆ ಇತ್ತು.

ಗಣೇಶನ ಹಬ್ಬ ಮುಗಿದ ವಾರ ಬಸ್ ತಾತ ತೀರಿಕೊಂಡರು.

ಸುದ್ದಿ ಕೇಳಿ ನಾನು ಅಳಲಿಲ್ಲ. ಎರಡೂ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂತೆ. ಸಿದ್ದಾಪುರದಿಂದ ನಾದಿನಿ ಫೋನ್ ಮಾಡಿದಳು. "ನಾನು ಆಗ್ಲೇ ಬಡ್ಕೊಂಡೆ ಅತ್ತಿಗೆ" ಅಂದು, ಆಮೇಲೆ ತಾನೂ ಅತ್ತಳು. ನಾಲ್ಕು ಜನ ಆಡುವುದು ನನ್ನ ಕಿವಿಗೂ ಬಿತ್ತು. ಗಂಡ ಸತ್ತವಳ ಕೈಗೆ ಕಳಸ ಕೊಟ್ಟರೆ ಇನ್ನೇನಾಗುತ್ತದೆ? ಟೆಲಿಫೋನ್ ಅಜ್ಜಿಯ ಫೋನ್ ಬಂದರೆ ನಾನು ತೆಗೆಯಲಿಲ್ಲ. ಯಾವ ಬಾಯಿಂದ ತೆಗೆಯಲಿ? ರಿಂಗಾಗಿ ರಿಂಗಾಗಿ ಅದು ನಿಲ್ಲುವವರೆಗೂ ಅದರ ಎದುರಿಗೇ ಕೂತಿರುತ್ತಿದ್ದೆ.

ಹತ್ತನೆಯ ದಿನ ನಿಮ್ಮಪ್ಪ ಬಿಡಲಿಲ್ಲ, ಅರೆಕೆರೆಗೆ ಕರೆದುಕೊಂಡು ಹೋದ. ನಾನು ಚಪ್ಪಲಿ ಬಿಡುವ ಜಾಗದ ಪಕ್ಕ ಗೋಡೆಗೊರಗಿ ನಿಂತೆ. ನಡುಮನೆಯಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿದ್ದರು. ಕೈತುಂಬ ಹಸಿರು ಬಳೆ, ಹಣೆಗೆ ಕುಂಕುಮ. ಅದನ್ನೆಲ್ಲ ತೆಗೆಯುವ ದಿನ ಅದು. ಆ ಕೆಲಸ ಮುತ್ತೈದೆಯರು ಮಾಡುವುದಿಲ್ಲ. ಗಂಡನನ್ನು ಕಳೆದುಕೊಂಡವರೇ ಮಾಡಬೇಕು. ನೋಡಿ ಎಂಥ ವಿಚಿತ್ರ! ಯಾವ ಕಾರ್ಯದಲ್ಲೂ ನಮ್ಮಂಥವರಿಗೆ ಮುಂದಿನ ಸಾಲು ಇಲ್ಲ, ಇದೊಂದಕ್ಕೆ ಮಾತ್ರ ಹುಡುಕಿ ಹುಡುಕಿ ಕರೆಯುತ್ತಾರೆ.

ಬಸ್ ತಾತನ ಅಕ್ಕ ಬಾಗಿಲ ಕಡೆ ನೋಡಿದರು.

"ಕಳಸ ಹಿಡಿದವಳು ಬಂದಿದ್ದಾಳಲ್ಲ, ಅವಳೇ ಬರಲಿ. ಅವಳೇ ಶುರುಮಾಡಿದ್ದು, ಅವಳೇ ಮುಗಿಸಲಿ."

ಜನ ಸರಿದು ದಾರಿ ಬಿಟ್ಟರು. ನಾನು ನಡೆದು ಹೋಗಿ ಅವಳ ಮುಂದೆ ಕೂತೆ. ಅವಳು ಎರಡೂ ಕೈ ಮುಂದೆ ಚಾಚಿದಳು. ಅವಳ ಮುಂಗೈ ಹಿಡಿದೆ. ಬಳೆಗಳು ತಣ್ಣಗಿದ್ದವು. ನಿಮ್ಮ ತಾತ ಹೋದಾಗ ನನ್ನ ಕೈಯಿಂದ ಹೀಗೆ ಒಂದೊಂದಾಗಿ ತೆಗೆದದ್ದು, ಆಗ ನಾನು ಬಾಯಿ ಮುಚ್ಚಿಕೊಂಡು ಕೂತಿದ್ದದ್ದು ನೆನಪಿಗೆ ಬಂತು.

"ತೆಗೀ" ಅಂದರು ಯಾರೋ.

"ತೆಗೆಯಲ್ಲ" ಅಂದೆ.

ನನ್ನ ಧ್ವನಿಯೇ ಎಂದು ನನಗೆ ನಂಬಿಕೆ ಬರಲಿಲ್ಲ. ಬಾಯಿ ಬಿಟ್ಟದ್ದಾಯಿತು, ಇನ್ನು ಓಡುವುದೆಲ್ಲಿಗೆ?

"ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಬಳೆ ಹಾಕ್ಕೊಂಡಿದ್ದಾಳೆ ಇವಳು. ಅವರು ತಂದಿದ್ದಲ್ಲ ಇದು. ಅವರ ಜೊತೆ ಕಳಿಸೋಕೆ ನನ್ನ ಕೈಲಾಗಲ್ಲ. ನೀವೂ ಯಾರೂ ತೆಗೀಬೇಡಿ" ಅಂದೆ.

ಬಸ್ ತಾತನ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಏನಾದ್ರೂ ಮಾಡ್ಕೊಳ್ಳಿ ಅತ್ಲಾಗೆ, ಇವರಿಬ್ಬರಿಗೂ ತಲೆ ಸರಿಯಿಲ್ಲ" ಎಂದು ಎದ್ದು ಹೋದರು. ಅವರ ತಮ್ಮ ಹೋಗಿದ್ದ. ಅವರೊಂದಿಗೆ ನನಗೇನು ಜಗಳ?

ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ನಾವಿಬ್ಬರೇ ಕೂತೆವು. ನಾನು ಅವಳ ಕಾಲಿನ ಹತ್ತಿರ ಬಗ್ಗಿದೆ.

"ನನ್ನಿಂದ ಆಯ್ತಕ್ಕ. ಬೇಡ ಅಂದಿದ್ದೆ ನಿನಗೆ."

"ಏಳು ಮೇಲೆ, ನನಗೆ ಬಗ್ಗಿ ಎತ್ತೋಕಾಗಲ್ಲ" ಅಂದಳು. ಆಮೇಲೆ ಹೇಳಿದಳು. "ಅವರಿಗೆ ರಕ್ತದ ಕಾಯಿಲೆ. ಮದುವೆಗೆ ಮೊದಲೇ ಇತ್ತು. ಯುಗಾದಿ ನೋಡಿದರೆ ಹೆಚ್ಚು ಅಂದಿದ್ರು ಡಾಕ್ಟ್ರು. ನೋಡಿದ್ರಲ್ಲ? ಗಣೇಶನ್ನೂ ಕೂರಿಸಿ ಹೋದ್ರು."

ನಾನು ಎದ್ದು ಅವಳ ಪಕ್ಕ ಕೂತೆ.

"ಗೊತ್ತಿದ್ದೂ ಮದುವೆಯಾದ್ಯಾ?"

"ಒಬ್ಬರೇ ಇದ್ರು ಕಣೇ. ಆಸ್ಪತ್ರೆಯವರು ಜೊತೆಗೆ ಯಾರು ಬಂದಿದ್ದೀರಿ ಅಂತ ಕೇಳಿದ್ರೆ ತಿರುಗಿ ಹಿಂದೆ ನೋಡೋರು, ಯಾರಾದ್ರೂ ಇರಬಹುದೇನೋ ಅಂತ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕಳಸ ಹಿಡೀತಿದ್ಯಾ?"

"ಇಲ್ಲ."

"ಅದಕ್ಕೇ."

ನನಗೆ ಸಿಟ್ಟು ಬಂತು. ನಿಜವಾದ ಸಿಟ್ಟು. ಇಷ್ಟು ದಿನ ನಾನು ನನ್ನ ಕೈಯನ್ನೇ ಶಪಿಸಿಕೊಂಡಿದ್ದೆ. "ಅಷ್ಟು ಜನ ಇರೋವಾಗ ನನ್ನನ್ನೇ ಯಾಕೆ ನಿಲ್ಲಿಸಿದೆ? ನನ್ನ ತಲೆಗೆ ಕಟ್ಟೋಕಾ?"

"ಸಿರಿ ಹಿಡಿದಿದ್ದಿದ್ರೆ?" ಅಂದಳು. "ಇವತ್ತು ಈ ಜನ ಆ ಮಗುನ ಏನಂತಿದ್ರು? ಕಾಲ್ಗುಣ ಸರಿಯಿಲ್ಲ, ಕೈಗುಣ ಸರಿಯಿಲ್ಲ ಅಂತ ಅದರ ಮದುವೆವರೆಗೂ ಹೇಳ್ಕೊಂಡು ಬರ್ತಿರಲಿಲ್ವಾ? ಮುತ್ತೈದೆ ಯಾರಾದ್ರೂ ಹಿಡಿದಿದ್ರೆ ಇವತ್ತು ನನ್ನ ಮುಖ ನೋಡೋಕೆ ಹೆದರಿ ಮನೇಲಿರೋರು. ನೀನು ಹೆದರ್ತೀಯ, ಆದ್ರೂ ಬರ್ತೀಯ. ಬಂದ್ಯಲ್ಲ? ಇಂಥ ದಿನ ಬರುತ್ತೆ ಅಂತ ಗೊತ್ತಿತ್ತು ನನಗೆ. ಈ ದಿನ ಪಕ್ಕದಲ್ಲಿ ಕೂರೋಳು ಆ ದಿನವೂ ಪಕ್ಕದಲ್ಲಿರಲಿ ಅಂತ ಆಸೆ. ನನ್ನ ಸ್ವಾರ್ಥ ಕಣೇ. ಬೈಯಿ."

ಬೈಯಲಿಲ್ಲ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಊರಿನ ಮಾತನ್ನೆಲ್ಲ ಆಡಿದವಳು ಒಂದು ಮಾತೂ ಇಲ್ಲದೆ ಮಲಗಿಬಿಟ್ಟಳು. ಆಗ ನಾನು ಮಾತನಾಡಿದೆ. ನಿಮ್ಮ ತಾತನ ಕೊನೆಯ ದಿನಗಳನ್ನು, ನಿಮ್ಮಪ್ಪನಿಗೂ ಹೇಳದೆ ಇಟ್ಟುಕೊಂಡಿದ್ದನ್ನು, ಅವರು ನೀರು ಕೇಳಿದ್ದನ್ನು, ನಾನು ತರುವಷ್ಟರಲ್ಲಿ ಹೋದದ್ದನ್ನು, ಎಲ್ಲವನ್ನೂ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಹೊರಗೆ ಬನ್ನೇರುಘಟ್ಟ ರಸ್ತೆಯ ಬಸ್ಸುಗಳು ಹೋಗುವ ಸದ್ದು ಕೇಳುತ್ತಿತ್ತು. ಅವಳ ಕಣ್ಣೀರಿಗೆ ನನ್ನ ಸೀರೆ ಬೆಚ್ಚಗೆ ಒದ್ದೆಯಾಯಿತು. ಅವಳ ಬಳೆಯ ಕೈಯನ್ನು ನಾನು ಹಿಡಿದೇ ಇದ್ದೆ.

ಸಿರಿ, ನಿನಗೆ ಆವತ್ತು ಕಳಸ ಸಿಗಲಿಲ್ಲವೆಂದು ನೀನು ಹೋಳಿಗೆಯನ್ನೂ ಅರ್ಧ ಬಿಟ್ಟು ಎದ್ದೆ. ಅವಳು ನಿನ್ನಿಂದ ಕಿತ್ತುಕೊಂಡದ್ದು ಏನೆಂದು ಈಗ ತಿಳಿಯಿತಲ್ಲ? ಮುಂದೊಂದು ದಿನ ಯಾರಾದರೂ ನಿಮಗೆ, "ನಿಮ್ಮಜ್ಜಿ ಕಳಸ ಹಿಡಿದಿದ್ದಕ್ಕೇ ಟೆಲಿಫೋನ್ ಅಜ್ಜಿಯ ಗಂಡ ಹೋಗಿದ್ದು" ಎಂದು ಹೇಳಬಹುದು. ಹೇಳುವವರು ಇನ್ನೂ ಇದ್ದಾರೆ. ಅವರೊಡನೆ ಜಗಳಕ್ಕೆ ಹೋಗಬೇಡಿ. ಮನೆಗೆ ಬಂದು ಇದನ್ನು ಇನ್ನೊಂದು ಸಲ ಓದಿ. ಆಗ ನಾನಿರುತ್ತೇನೋ ಇಲ್ಲವೋ. ಇದ್ದರೂ ಎದುರಿಗೆ ಕೇಳಿದರೆ ನನಗೆ ನಾಚಿಕೆಯಾಗುತ್ತದೆ. ಆದ್ದರಿಂದ ಈ ಹಾಳೆಗಳನ್ನು ಎಲ್ಲೆಂದರಲ್ಲಿ ಬಿಸಾಡಬೇಡಿ. ಬೀರುವಿನಲ್ಲಿ ನಿಮ್ಮ ಮಾರ್ಕ್ಸ್ ಕಾರ್ಡುಗಳನ್ನು ಇಟ್ಟುಕೊಂಡಿದ್ದೀರಲ್ಲ, ಅವುಗಳ ಕೆಳಗೆ ಇದಕ್ಕೂ ಸ್ವಲ್ಪ ಜಾಗ ಮಾಡಿ ಜೋಪಾನವಾಗಿಡಿ.